ಹಾಸಿಗೆ, ಚರ್ಚು ಮತ್ತು 57 ಆಟ: ಮಡೋನಾ ಅವರ 1990ರ ತಿರುಗಾಟದ ಕಥೆ

2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ನವಿ ಮುಂಬೈಗೂ ಅಹಮದಾಬಾದಿಗೂ ಬಂತು. ಮುಂದಿನ ತಿಂಗಳು ಎಡ್ ಶೀರನ್ ಬೆಂಗಳೂರಿನಲ್ಲಿ ಎರಡು ದಿನ ಹಾಡಿದರು. ಚರ್ಚ್ ಸ್ಟ್ರೀಟಿನ ಫುಟ್‌ಪಾತ್ ಮೇಲೆ ಅವರು ಸುಮ್ನೆ ಗಿಟಾರ್ ಹಿಡಿದು ನಿಂತದ್ದು, ಪೊಲೀಸಿನವರು ಬಂದು ವೈರು ಕಿತ್ತದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿಂದೀಚೆಗೆ ‘ವರ್ಲ್ಡ್ ಟೂರ್’ ಎಂಬ ಮಾತು ನಮ್ಮ ಮನೆಗಳಲ್ಲೂ ಓಡಾಡುತ್ತಿದೆ. ಮಕ್ಕಳು ಟಿಕೆಟ್ಟಿಗೆ ಸಾವಿರಗಟ್ಟಲೆ ದುಡ್ಡು ಕೇಳುತ್ತಾರೆ. ದೊಡ್ಡವರದು ಒಂದೇ ಪ್ರಶ್ನೆ: ಹಾಡು ಮೊಬೈಲಿನಲ್ಲೇ ಸಿಗುತ್ತಲ್ಲ, ಅಲ್ಲಿಗೆ ಹೋಗಿ ನೋಡೋದೇನು?

ಆ ಪ್ರಶ್ನೆಯನ್ನೇ ಸ್ವಲ್ಪ ಗಮನಿಸಿ. ‘ಕೇಳೋದೇನು’ ಅನ್ನುವುದಿಲ್ಲ, ‘ನೋಡೋದೇನು’ ಅನ್ನುತ್ತಾರೆ. ಹಾಡಿನ ಕಚೇರಿ ಕೇಳುವ ವಸ್ತುವಿನಿಂದ ನೋಡುವ ವಸ್ತುವಾಗಿ ಬದಲಾಗಿ ಬಹಳ ಕಾಲವಾಯಿತು. ಆ ಬದಲಾವಣೆಯ ಮಾತು ಬಂದಾಗಲೆಲ್ಲ ಒಂದು ಹೆಸರು ತಪ್ಪದೆ ಬರುತ್ತದೆ: ಅಮೆರಿಕದ ಗಾಯಕಿ ಮಡೋನಾ 1990ರಲ್ಲಿ ನಡೆಸಿದ ‘ಬ್ಲಾಂಡ್ ಆಂಬಿಷನ್ ವರ್ಲ್ಡ್ ಟೂರ್’. ಏಪ್ರಿಲ್ 13ಕ್ಕೆ ಜಪಾನಿನ ಚಿಬಾದಲ್ಲಿ ಶುರು, ಆಗಸ್ಟ್ 5ಕ್ಕೆ ಫ್ರಾನ್ಸಿನ ನೀಸ್ ಊರಿನಲ್ಲಿ ಮುಗಿತಾಯ. ನಡುವೆ 57 ಪ್ರದರ್ಶನ. ಒಂದು ಊರಲ್ಲಿ ಪೊಲೀಸರು ಬಂಧಿಸುತ್ತೇವೆಂದರು, ಇನ್ನೊಂದು ಊರಲ್ಲಿ ಬಹಿಷ್ಕಾರದ ಕರೆ ಬಂತು.

ಹೆಸರಿನಲ್ಲೇ ಒಂದು ಕೀಟಲೆ ಇದೆ. ಇಂಗ್ಲಿಷಿನಲ್ಲಿ ‘ಬ್ಲೈಂಡ್ ಆಂಬಿಷನ್’ ಅಂದರೆ ಹಿಂದೆಮುಂದೆ ನೋಡದ ಕುರುಡು ಹಂಬಲ. ‘ಬ್ಲಾಂಡ್’ ಅಂದರೆ ಹೊಂಬಣ್ಣದ ಕೂದಲಿನವಳು. ಒಂದು ಅಕ್ಷರ ಬದಲಿಸಿ, ತನ್ನ ಮೇಲಿದ್ದ ಟೀಕೆಯನ್ನೇ ಮಡೋನಾ ಬೋರ್ಡಿಗೆ ಬರೆಸಿಬಿಟ್ಟರು.

ಟೂರ್ ಅಂದರೆ ತಿರುಗಾಟ

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನ ಮೇಳ ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುತ್ತದೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಆ ಆರು ತಿಂಗಳು ವೇಷದ ಪೆಟ್ಟಿಗೆ, ಲೈಟು, ಕಲಾವಿದರು, ಅಡುಗೆಯವರು ಎಲ್ಲರೂ ಊರಿಂದೂರಿಗೆ. ಪಾಪ್ ಗಾಯಕರ ಟೂರ್ ಕೂಡ ಇದೇ. ಟೆಂಟಿನ ಬದಲು ಕ್ರೀಡಾಂಗಣ, ಲಾರಿಯ ಜೊತೆಗೆ ವಿಮಾನ.

ಒಂದು ದೊಡ್ಡ ವ್ಯತ್ಯಾಸ ಇದೆ. ಮೇಳದಲ್ಲಿ ದಿನಕ್ಕೊಂದು ಪ್ರಸಂಗ ಆಡಬಹುದು, ಅರ್ಥಗಾರಿಕೆ ಆಶುವಾಗಿ ಹರಿಯುತ್ತದೆ, ಭಾಗವತರು ಪದ್ಯವನ್ನು ಎಳೆಯಬಹುದು, ಮೊಟಕುಗೊಳಿಸಬಹುದು. ಪಾಪ್ ಟೂರಿನಲ್ಲಿ ಹಾಗಿಲ್ಲ. ಚಿಬಾದಲ್ಲಿ ನಡೆದದ್ದೇ ನೀಸ್‌ನಲ್ಲೂ ನಡೆಯಬೇಕು, ಹೆಚ್ಚುಕಡಿಮೆ ಸೆಕೆಂಡು ತಪ್ಪದೆ. ಯಾಕೆಂದರೆ ಯಾವ ಪದಕ್ಕೆ ಯಾವ ದೀಪ ಹತ್ತಬೇಕು, ಯಾವ ತಾಳಕ್ಕೆ ವೇದಿಕೆಯ ಲಿಫ್ಟು ಮೇಲೇಳಬೇಕು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಗಾಯಕಿ ಎರಡು ಹೆಜ್ಜೆ ತಪ್ಪಿದರೆ ಬೆಳಕು ಖಾಲಿ ಜಾಗದ ಮೇಲೆ ಬೀಳುತ್ತದೆ. ಲಿಫ್ಟು ಇಳಿದಿದ್ದರೆ ಇನ್ನೂ ಕಷ್ಟ, ಅಲ್ವಾ?

ಇನ್ನು ಟೂರ್ ಯಾಕೆ ಮಾಡುತ್ತಿದ್ದರು? ಆಗಿನ ಲೆಕ್ಕವೇ ಬೇರೆ. ಕ್ಯಾಸೆಟ್ಟು, ಸಿಡಿ ಮಾರಿ ದುಡ್ಡು ಮಾಡುತ್ತಿದ್ದ ಕಾಲ ಅದು. ಟೂರ್ ಎಂಬುದು ಬಹುಮಟ್ಟಿಗೆ ಆಲ್ಬಮ್ಮಿನ ಜಾಹೀರಾತು. ಮಡೋನಾ ಅವರ ಕೈಯಲ್ಲಿ ಆಗ ಎರಡು ಆಲ್ಬಮ್ ಇದ್ದವು, 1989ರ ‘ಲೈಕ್ ಎ ಪ್ರೇಯರ್’ ಮತ್ತು 1990ರ ‘ಐಯಾಮ್ ಬ್ರೆತ್‌ಲೆಸ್’. ಜೊತೆಗೆ ಅವರು ನಟಿಸಿದ ‘ಡಿಕ್ ಟ್ರೇಸಿ’ ಸಿನಿಮಾ ಅದೇ ಜೂನ್‌ನಲ್ಲಿ ತೆರೆಗೆ ಬರುವುದಿತ್ತು. ಇವತ್ತು ಈ ಲೆಕ್ಕ ತಲೆಕೆಳಗಾಗಿದೆ. ಹಾಡು ಹೆಚ್ಚುಕಡಿಮೆ ಪುಕ್ಕಟೆ, ಟಿಕೆಟ್ಟೇ ಸಂಪಾದನೆ.

ಹಿಮ್ಮೇಳದಿಂದ ಮುಮ್ಮೇಳಕ್ಕೆ

ಯಕ್ಷಗಾನದಲ್ಲಿ ಹಾಡುವವರು, ಬಾರಿಸುವವರು ಹಿಮ್ಮೇಳ. ವೇಷ ಕಟ್ಟಿ ಕುಣಿಯುವವರು ಮುಮ್ಮೇಳ. ಮಾಮೂಲಿ ರಾಕ್ ಕಚೇರಿ ಅಂದರೆ ಬರೀ ಹಿಮ್ಮೇಳ. ನಾಲ್ಕೈದು ಜನ ವಾದ್ಯ ಹಿಡಿದು ನಿಲ್ಲುತ್ತಾರೆ, ಒಬ್ಬರು ಮೈಕಿನ ಮುಂದೆ ಹಾಡುತ್ತಾರೆ. ಮಡೋನಾ ಅವರ ಪ್ರದರ್ಶನದಲ್ಲಿ ಕಣ್ಣಿಗೆ ಬೀಳುವುದು ಮುಮ್ಮೇಳ: ಏಳು ಗಂಡು ನರ್ತಕರು, ಹಾಡುತ್ತಲೇ ಕುಣಿಯುವ ಇಬ್ಬರು ಸಹಗಾಯಕಿಯರು, ನಡುವೆ ಅವರು.

ಇದನ್ನು ಕಟ್ಟಿದ ತಂಡವೂ ಹಾಗೇ ಇತ್ತು. ನಿರ್ದೇಶನ, ನೃತ್ಯ ಸಂಯೋಜನೆ ವಿನ್ಸೆಂಟ್ ಪ್ಯಾಟರ್ಸನ್ ಅವರದು. ಮೈಕಲ್ ಜಾಕ್ಸನ್ ಜೊತೆ ‘ಸ್ಮೂತ್ ಕ್ರಿಮಿನಲ್’ ನೃತ್ಯ ಕಟ್ಟಿದವರು ಇವರೇ. ರಂಗಸಜ್ಜಿಕೆಯ ಹೊಣೆ ಮಡೋನಾ ಅವರ ಸ್ವಂತ ತಮ್ಮ ಕ್ರಿಸ್ಟೋಫರ್ ಚಿಕೋನಿ ಅವರದು. ಬಟ್ಟೆ ಪ್ಯಾರಿಸ್ಸಿನ ವಿನ್ಯಾಸಕ ಜಾನ್ ಪಾಲ್ ಗೋಟಿಯೆ ಅವರದು. ನಾಟಕ ಕಂಪನಿಯಲ್ಲಿ ಇರುವ ಹಾಗೆ ಒಬ್ಬೊಬ್ಬರಿಗೆ ಒಂದೊಂದು ವಿಭಾಗ.

ಇದೆಲ್ಲ ಸಾಧ್ಯವಾದದ್ದರಲ್ಲಿ ಒಂದು ಪುಟ್ಟ ಉಪಕರಣದ ಪಾಲೂ ಇದೆ. ಕೈಯಲ್ಲಿ ಮೈಕು ಹಿಡಿದರೆ ಒಂದು ಕೈ ಹೋಯಿತು. ಸ್ಟ್ಯಾಂಡಿಗೆ ಸಿಕ್ಕಿಸಿದರೆ ಕಾಲು ಕಟ್ಟಿದ ಹಾಗೆ. ಕಿವಿಗೆ ಸಿಕ್ಕಿಸಿ ಬಾಯಿಯ ಹತ್ತಿರ ಬರುವ ತಂತಿ ಮೈಕಿದ್ದರೆ ಎರಡೂ ಕೈ, ಎರಡೂ ಕಾಲು ಬಿಡುವು. ಇವತ್ತು ಮದುವೆ ಮನೆಯ ಆಂಕರ್ ಕೂಡ ಇದನ್ನು ಹಾಕಿಕೊಳ್ಳುತ್ತಾರೆ. ಈ ಮೈಕಿಗೆ ಎಷ್ಟೋ ಕಡೆ ‘ಮಡೋನಾ ಮೈಕ್’ ಎಂದೇ ಹೆಸರಾಗಿಹೋಯಿತು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಮೊದಲಿಗರು ಅವರಲ್ಲ. ಇಂಗ್ಲೆಂಡಿನ ಗಾಯಕಿ ಕೇಟ್ ಬುಶ್ 1979ರ ತಮ್ಮ ಟೂರಿನಲ್ಲಿ ಕುಣಿಯುತ್ತಾ ಹಾಡಲೆಂದು ಅವರ ಧ್ವನಿ ತಂತ್ರಜ್ಞರು ಬಟ್ಟೆ ತೂಗುಹಾಕುವ ತಂತಿ ಹ್ಯಾಂಗರ್ ಬಗ್ಗಿಸಿ ಇಂಥದ್ದೊಂದನ್ನು ಮಾಡಿಕೊಟ್ಟಿದ್ದರು. ರಂಗಸಜ್ಜಿಕೆಯ ವಿಷಯದಲ್ಲೂ ಅಷ್ಟೇ. 1974ರಲ್ಲೇ ಡೇವಿಡ್ ಬೋವಿ ವೇದಿಕೆಯ ಮೇಲೆ ಒಂದು ನಗರವನ್ನೇ ನಿಲ್ಲಿಸಿದ್ದರು. ಮಡೋನಾ ಇದನ್ನೆಲ್ಲ ಹೊಸದಾಗಿ ಕಂಡುಹಿಡಿಯಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹೊಲಿದು, ಕ್ರೀಡಾಂಗಣದ ಅಳತೆಗೆ ದೊಡ್ಡದು ಮಾಡಿದರು.

ಐದು ಅಂಕ

ಹಾಡುಗಳನ್ನು ಸಾಲಾಗಿ ಹಾಡಿ ಮುಗಿಸುವ ಬದಲು ನಾಟಕದ ಅಂಕಗಳ ಹಾಗೆ ಐದು ಭಾಗ ಮಾಡಿದ್ದರು. ಪ್ರತಿ ಭಾಗಕ್ಕೂ ಬೇರೆ ಸೆಟ್ಟು, ಬೇರೆ ವೇಷ.

ಮೊದಲನೆಯದು ಕಾರ್ಖಾನೆ. 1927ರ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ನ ನೆರಳು ಇದರಲ್ಲಿದೆ. ಚಕ್ರ, ಕೊಳವೆ, ಹೊಗೆ, ಮೈ ಬಿಟ್ಟ ಕೂಲಿಗಳು. ಎತ್ತರದಲ್ಲಿ ಗಂಡಸರ ಸೂಟು ತೊಟ್ಟ ಮಡೋನಾ. ಯಕ್ಷಗಾನದ ಒಡ್ಡೋಲಗ ನೋಡಿದವರಿಗೆ ಈ ಪ್ರವೇಶದ ಗತ್ತು ಗೊತ್ತಾಗುತ್ತದೆ. ಎರಡನೆಯದು ಧರ್ಮ, ಗಲಾಟೆಯೆಲ್ಲ ಇಲ್ಲೇ, ಅದಕ್ಕೆ ಆಮೇಲೆ ಬರುತ್ತೇನೆ. ಮೂರನೆಯದು ‘ಡಿಕ್ ಟ್ರೇಸಿ’ ಸಿನಿಮಾದ ಹಾಡುಗಳು, ಹಳದಿ ಓವರ್‌ಕೋಟಿನ ಪತ್ತೇದಾರರು. ಜಾಹೀರಾತು ಎಂದರೂ ತಪ್ಪಿಲ್ಲ. ನಾಲ್ಕನೆಯದರಲ್ಲಿ ಹಳೆಯ ಹಾಲಿವುಡ್ಡಿನ ಥಳುಕು. ತಮ್ಮದೇ ಹಿಟ್ ಹಾಡು ‘ಮೆಟೀರಿಯಲ್ ಗರ್ಲ್’ ಅನ್ನು ತಲೆಗೆ ಕರ್ಲರ್ ಸುತ್ತಿಕೊಂಡು, ನೈಟ್‌ಗೌನಿನಲ್ಲಿ ಬ್ಯೂಟಿಪಾರ್ಲರಿನ ಹೆಂಗಸಿನ ಹಾಗೆ ಅಣಕಿಸಿ ಹಾಡುತ್ತಾರೆ. ನಕಲಿ ಡಾಲರ್ ನೋಟು ಎಸೆಯುತ್ತಾರೆ. ನನಗೆ ಇಡೀ ಪ್ರದರ್ಶನದಲ್ಲಿ ಹೆಚ್ಚು ಇಷ್ಟವಾಗುವುದು ಇದೇ. ತಮ್ಮನ್ನೇ ಲೇವಡಿ ಮಾಡಿಕೊಳ್ಳುವ ಸ್ಟಾರುಗಳು ಕಮ್ಮಿ.

ಇದೇ ಭಾಗದಲ್ಲಿ ‘ವೋಗ್’ ಹಾಡೂ ಬರುತ್ತದೆ. ಇದರ ಕೈ-ಮುಖದ ಭಂಗಿಗಳು ಮಡೋನಾ ಅವರ ಸೃಷ್ಟಿಯಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಕಪ್ಪು ಮತ್ತು ಲ್ಯಾಟಿನ್ ಸಲಿಂಗಿ ಸಮುದಾಯದವರು ‘ಬಾಲ್’ ಎಂದು ಕರೆಯುತ್ತಿದ್ದ ರಾತ್ರಿ ಸ್ಪರ್ಧೆಗಳಲ್ಲಿ ಬೆಳೆಸಿದ ನೃತ್ಯ ಅದು. ಫ್ಯಾಷನ್ ಪತ್ರಿಕೆಯ ರೂಪದರ್ಶಿಗಳ ಭಂಗಿಯನ್ನು ಅನುಕರಿಸಿ ಕುಣಿಯುವುದು. ಅಲ್ಲಿಂದಲೇ ಬಂದ ಇಬ್ಬರು ನರ್ತಕರು, ಹೋಸೆ ಗುಟಿಯೆರೆಸ್ ಮತ್ತು ಲುಯಿಸ್ ಕಮಾಚೊ, ಈ ತಂಡದಲ್ಲಿದ್ದರು. ಅವರ ಕಲೆಯನ್ನು ಮಡೋನಾ ಜಗತ್ತಿಗೆ ತೋರಿಸಿದರೋ, ಎತ್ತಿಕೊಂಡರೋ ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ.

ಆ ಚೂಪು ಕುಪ್ಪಸ

ಈ ಟೂರ್ ಬಗ್ಗೆ ಏನೂ ಗೊತ್ತಿಲ್ಲದವರೂ ಒಂದು ಚಿತ್ರ ನೋಡಿರುತ್ತಾರೆ: ಎದೆಯ ಮೇಲೆ ಎರಡು ಚೂಪು ಶಂಕುಗಳಿರುವ ಕಾರ್ಸೆಟ್. ಕಾರ್ಸೆಟ್ ಅಂದರೆ ಸೊಂಟ ಸಣ್ಣಗೆ ಕಾಣಲೆಂದು ಯುರೋಪಿನ ಹೆಂಗಸರು ಬಟ್ಟೆಯ ಒಳಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದ ಕವಚದಂಥ ಉಡುಪು. ಗೋಟಿಯೆ ಅದನ್ನು ಚಿಕ್ಕಂದಿನಲ್ಲಿ ಅಜ್ಜಿಯ ಬೀರುವಿನಲ್ಲಿ ಕಂಡು ಮರುಳಾದವರು. ತಮ್ಮ ಟೆಡ್ಡಿ ಕರಡಿಗೆ ಕಾಗದದ ಶಂಕು ಅಂಟಿಸಿ ಆಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಒಳಗೆ ಬಚ್ಚಿಡಬೇಕಾದ್ದನ್ನು ಹೊರಗೆ ತಂದದ್ದು ಇಲ್ಲಿನ ಉಪಾಯ. ಮೊದಲ ಅಂಕದಲ್ಲಿ ಮಡೋನಾ ತೊಟ್ಟಿದ್ದು ಗಂಡಸರ ಗೆರೆಗೆರೆ ಸೂಟು. ಅದರ ಎದೆಯ ಭಾಗವನ್ನು ಸೀಳಿ ಆ ಶಂಕುಗಳು ಹೊರಕ್ಕೆ ಚಾಚಿದ್ದವು. ಸೂಟು ಅಧಿಕಾರದ ಗುರುತು, ಕಾರ್ಸೆಟ್ ಹೆಣ್ಣಿನ ಮೈಯನ್ನು ಹಿಡಿತದಲ್ಲಿಡುವ ಬಟ್ಟೆ. ಎರಡನ್ನೂ ಒಬ್ಬಳೇ ತೊಟ್ಟರೆ? ಅದರ ಮೇಲೆ, ಮುಂದಿನ ಅಂಕದ ಮೊದಲ ಹಾಡಿನಲ್ಲಿ ಇಬ್ಬರು ಗಂಡು ನರ್ತಕರಿಗೂ ಚೂಪು ಕುಪ್ಪಸ ಕಟ್ಟಿದ್ದರು. ಗಂಡಸರೇ ಸ್ತ್ರೀವೇಷ ಹಾಕುವ ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಅಂಥ ವಿಚಿತ್ರ ಕಾಣದೇ ಇರಬಹುದು. ಅಮೆರಿಕದ ಮಧ್ಯಮವರ್ಗಕ್ಕೆ ಕಂಡಿತು.

ಜಗಳದ ಬೇರು: ಒಂದರ ಪಕ್ಕ ಒಂದು

ಈಗ ಎರಡನೇ ಅಂಕಕ್ಕೆ ಬರೋಣ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು.

ಮಡೋನಾ ಎಂಬುದು ರಂಗನಾಮ ಅಲ್ಲ. 1958ರಲ್ಲಿ ಮಿಶಿಗನ್ ರಾಜ್ಯದ ಬೇ ಸಿಟಿಯಲ್ಲಿ ಹುಟ್ಟಿದಾಗ ಇಟ್ಟ ಹೆಸರೇ ಅದು, ಅವರ ತಾಯಿಯ ಹೆಸರೂ ಅದೇ. ಇಟಲಿ ಮೂಲದ ಅಪ್ಪ, ಕಟ್ಟಾ ಕ್ಯಾಥೊಲಿಕ್ ಮನೆ. ಇಟಾಲಿಯನ್ನಿನಲ್ಲಿ ‘ಮಡೋನಾ’ ಅಂದರೆ ಏಸುವಿನ ತಾಯಿ ಮೇರಿ. ಐದು ವರ್ಷದವರಿದ್ದಾಗ ಅಮ್ಮ ತೀರಿಕೊಂಡರು. ಅಪ್ಪನ ಶಿಸ್ತು, ಚರ್ಚಿನ ಶಿಸ್ತು ಎರಡೂ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಟೂರಿಗೆ ಒಂದು ವರ್ಷ ಮುಂಚೆಯೇ ಕಿಡಿ ಬಿದ್ದಿತ್ತು. ‘ಲೈಕ್ ಎ ಪ್ರೇಯರ್’ ಹಾಡಿನ ವಿಡಿಯೊದಲ್ಲಿ ಉರಿಯುವ ಶಿಲುಬೆಗಳಿದ್ದವು, ಕಪ್ಪು ಸಂತನಿದ್ದ. ಅದೇ ಹಾಡನ್ನಿಟ್ಟು ಪೆಪ್ಸಿ ಕಂಪನಿ ಜಾಹೀರಾತು ಮಾಡಿತ್ತು. ಕ್ರೈಸ್ತ ಸಂಘಟನೆಗಳು ಸಿಟ್ಟಾದವು, ಪೆಪ್ಸಿ ಜಾಹೀರಾತು ಹಿಂತೆಗೆದುಕೊಂಡಿತು. ಮಡೋನಾ ಅವರಿಗೆ ಕೊಟ್ಟ ಹಣ ಮಾತ್ರ ಅವರಲ್ಲೇ ಉಳಿಯಿತು.

ಇನ್ನು ವೇದಿಕೆ. ಎರಡನೇ ಅಂಕ ಶುರುವಾಗುವುದು ಕೆಂಪು ಮಖಮಲ್ಲಿನ ಹಾಸಿಗೆಯಿಂದ. ಹಾಡು 1984ರ ‘ಲೈಕ್ ಎ ವರ್ಜಿನ್’, ಅಂದರೆ ‘ಕನ್ಯೆಯ ಹಾಗೆ’. ಮೂಲದಲ್ಲಿ ಕುಣಿಸುವ ಹಾಡು. ಇಲ್ಲಿ ಅದನ್ನು ನಿಧಾನ ಮಾಡಿ, ಅರಬ್ ನಾಡಿನ ಛಾಯೆ ಕೊಟ್ಟಿದ್ದರು. ಹಾಡಿನ ಕೊನೆಯಲ್ಲಿ ಮಡೋನಾ ಹಾಸಿಗೆಯ ಮೇಲೆ ಸ್ವಸುಖದ ಅಭಿನಯ ಮಾಡುತ್ತಾರೆ. ನಿಜವಲ್ಲ, ಅಭಿನಯ, ಆದರೆ ಏನು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಮುಗಿಯುತ್ತಿದ್ದ ಹಾಗೆ ಒಂದೇ ಪದ ಕೇಳುತ್ತದೆ: ‘ದೇವರೇ?’ ಹಾಸಿಗೆ ಮಾಯ. ಮೋಂಬತ್ತಿ, ಶಿಲುಬೆ, ಕಪ್ಪು ನಿಲುವಂಗಿ. ಹಾಡು ‘ಲೈಕ್ ಎ ಪ್ರೇಯರ್’, ‘ಪ್ರಾರ್ಥನೆಯ ಹಾಗೆ’.

ಹಾಸಿಗೆ ಒಂದೇ ಇದ್ದಿದ್ದರೆ ಇದೊಂದು ಹಸಿಬಿಸಿ ದೃಶ್ಯ, ಅಷ್ಟೇ. ಚರ್ಚು ಒಂದೇ ಇದ್ದಿದ್ದರೆ ಭಕ್ತಿಗೀತೆ. ಎರಡನ್ನೂ ಉಸಿರು ಬಿಡುವಷ್ಟೂ ಬಿಡುವಿಲ್ಲದೆ ಪಕ್ಕಪಕ್ಕ ಇಟ್ಟದ್ದರಲ್ಲಿ ಕಿಡಿ ಇದೆ. ಆಮೇಲಿನ ಹಾಡುಗಳಲ್ಲಿ ಆಕೆ ಮಂಡಿಯೂರಿ ಪ್ರಾರ್ಥಿಸುತ್ತಾರೆ, ಪಾದ್ರಿಯ ವೇಷದ ನರ್ತಕನೊಂದಿಗೆ ಜಗ್ಗಾಡುತ್ತಾರೆ, ತಂದೆಯನ್ನು ಉದ್ದೇಶಿಸಿ ಹಾಡುತ್ತಾರೆ. ಅಂದರೆ ಇಡೀ ಅಂಕ ಆಸೆ, ಪಾಪಪ್ರಜ್ಞೆ, ಪ್ರಾರ್ಥನೆ, ಬಂಡಾಯ ಎಂಬ ಒಂದು ಕಥೆ. ಕಥೆಯಾಗಿ ನೋಡಿದವರಿಗೆ ಒಂದು ಅರ್ಥ, ಐದು ನಿಮಿಷದ ತುಣುಕು ನೋಡಿದವರಿಗೆ ಇನ್ನೊಂದು. ಗರ್ಭಗುಡಿಯ ಸೆಟ್ಟು ಹಾಕಿ ಯಾರಾದರೂ ಹೀಗೆ ಆಡಿದ್ದರೆ ನಮ್ಮೂರಲ್ಲಿ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ. ಮುಂದೆ ಹೇಳಲಿರುವ ಇಟಲಿಯವರ ಸಿಟ್ಟು ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ.

ಟೊರಾಂಟೊದಲ್ಲಿ ಪೊಲೀಸರು

ಜಪಾನಿನಲ್ಲಿ ಮಳೆ ಕಾಡಿತು, ಗಲಾಟೆ ಏನೂ ಆಗಲಿಲ್ಲ. ಮೇ ಕೊನೆಯಲ್ಲಿ ಕೆನಡಾದ ಟೊರಾಂಟೊಗೆ ಬಂದಾಗ ಪೊಲೀಸರು ಪ್ರದರ್ಶನಕ್ಕೆ ಮುಂಚೆ ಬಂದು ಎಚ್ಚರಿಕೆ ಕೊಟ್ಟರು. ಹಾಸಿಗೆಯ ದೃಶ್ಯ ಬದಲಿಸದಿದ್ದರೆ ಅಶ್ಲೀಲ ಪ್ರದರ್ಶನದ ಆರೋಪದ ಮೇಲೆ ಬಂಧಿಸಬೇಕಾಗುತ್ತದೆ ಎಂದರು. ಮಡೋನಾ ಒಪ್ಪಲಿಲ್ಲ. ದೃಶ್ಯ ಇದ್ದ ಹಾಗೇ ನಡೆಯಿತು. ಬಂಧನವೂ ಆಗಲಿಲ್ಲ.

ಯಾಕೆ ಆಗಲಿಲ್ಲ? ಒಂದು ಕಾರಣ ಕಣ್ಣೆದುರೇ ಇತ್ತು: ಸ್ಕೈಡೋಮ್ ಕ್ರೀಡಾಂಗಣದಲ್ಲಿ ತುಂಬಿದ್ದ ಸಾವಿರಾರು ಜನ. ಇನ್ನೊಂದು, ಅಶ್ಲೀಲತೆಯನ್ನು ಅಳೆಯಲು ತಕ್ಕಡಿ ಇಲ್ಲ. ಕೆನಡಾದ ನ್ಯಾಯಾಲಯಗಳು ಆಗ ನೋಡುತ್ತಿದ್ದದ್ದು ‘ಇಂದಿನ ಸಮಾಜ ಇದನ್ನು ಸಹಿಸುತ್ತದೆಯೇ’ ಎಂಬುದನ್ನು. ದುಡ್ಡು ಕೊಟ್ಟು ಬಂದ ಜನ ಎದ್ದು ನಿಂತು ಕೂಗುತ್ತಿರುವಾಗ ಸಮಾಜ ಸಹಿಸುವುದಿಲ್ಲ ಎಂದು ತೋರಿಸುವುದು ಸುಲಭವಲ್ಲ. ನಮ್ಮಲ್ಲೂ ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ನಡತೆಗೆ ಕಾನೂನಿದೆ, ಹಿಂದೆ ಐಪಿಸಿ 294, ಈಗ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್. ಅಲ್ಲೂ ಜಗಳ ಬರುವುದು ಇದೇ ಅಳತೆಯ ವಿಷಯಕ್ಕೆ.

ರೋಮ್‌ನಲ್ಲಿ ಬಹಿಷ್ಕಾರ

ಜುಲೈನಲ್ಲಿ ಇಟಲಿ. ವಿಶ್ವಕಪ್ ಫುಟ್‌ಬಾಲ್ ಫೈನಲ್ ಅದೇ ರೋಮ್‌ನಲ್ಲಿ ಜುಲೈ 8ಕ್ಕೆ ಮುಗಿದಿತ್ತು, ಎರಡು ದಿನ ಬಿಟ್ಟು ಮಡೋನಾ ಅವರ ಆಟ. ಕ್ಯಾಥೊಲಿಕ್ ಸಂಘಟನೆಗಳು ಹೋಗಬೇಡಿ ಎಂದು ಕರೆ ಕೊಟ್ಟವು. ಆಕೆ ವಿಮಾನ ನಿಲ್ದಾಣದಲ್ಲೇ ಪತ್ರಕರ್ತರ ಮುಂದೆ ನಿಂತು ಒಂದು ಹೇಳಿಕೆ ಓದಿದರು. ತಾನು ಇಟಲಿ ಮೂಲದವಳು, ಅದಕ್ಕೆ ಹೆಮ್ಮೆಪಡುತ್ತೇನೆ. ಇದು ಮಾಮೂಲಿ ರಾಕ್ ಕಚೇರಿಯಲ್ಲ, ರಂಗಪ್ರಯೋಗ. ನಾಟಕದ ಹಾಗೆ ಇದೂ ಪ್ರಶ್ನೆ ಕೇಳುತ್ತದೆ. ನೋಡಿ ನೀವೇ ತೀರ್ಮಾನಿಸಿ ಎಂಬುದು ಅದರ ಸಾರ.

ರೋಮ್‌ನ ಮೊದಲ ದಿನದ ಆಟ ನಡೆಯಿತು. ಎರಡನೆಯದು ರದ್ದಾಯಿತು. ಬಹಿಷ್ಕಾರಕ್ಕೆ ಹೆದರಿದರು ಎಂದು ಅನೇಕರು ಬರೆಯುತ್ತಾರೆ. ಆದರೆ ಟಿಕೆಟ್ಟು ಅಂದುಕೊಂಡಷ್ಟು ಹೋಗಿರಲಿಲ್ಲ, ಮುಷ್ಕರದ ಕಾಟವೂ ಇತ್ತು. ಟೂರಿನಲ್ಲಿ ದೇವರಷ್ಟೇ ಗಲ್ಲಾಪೆಟ್ಟಿಗೆಯೂ ಮುಖ್ಯ. ಟೂರಿನ್ ಊರಿನ ಆಟ ಜುಲೈ 13ಕ್ಕೆ ಸರಿಯಾಗಿ ನಡೆಯಿತು.

ದುಡ್ಡೆಷ್ಟು ಬಂತು?

57 ಆಟಕ್ಕೆ ಸುಮಾರು 6.27 ಕೋಟಿ ಡಾಲರ್ ಎಂದು ಲೆಕ್ಕ. ಒಂದು ಆಟಕ್ಕೆ ಹನ್ನೊಂದು ಲಕ್ಷ ಡಾಲರ್. ಆಗ ಡಾಲರಿಗೆ ಹದಿನೇಳೂವರೆ ರೂಪಾಯಿ ಆಸುಪಾಸು, ಅಂದರೆ ಒಟ್ಟು 110 ಕೋಟಿ ರೂಪಾಯಿ. ಇವತ್ತಿನ ಟೂರುಗಳ ಮುಂದೆ ಇದು ಚಿಲ್ಲರೆ. ಟೇಲರ್ ಸ್ವಿಫ್ಟ್ ಅವರ ‘ಎರಾಸ್ ಟೂರ್’ 2023-24ರಲ್ಲಿ 149 ಪ್ರದರ್ಶನದಿಂದ 200 ಕೋಟಿ ಡಾಲರಿಗೂ ಮೀರಿ ದುಡಿಯಿತು. ಅದೂ ಅಂಕಗಳಾಗಿ ಒಡೆದ, ಅಂಕಕ್ಕೊಂದು ವೇಷವಿದ್ದ ಪ್ರದರ್ಶನವೇ.

ಕ್ಯಾಮೆರಾ ಕಂಡದ್ದು

ನೀಸ್‌ನ ಕೊನೆಯ ಆಟವನ್ನು ಅಮೆರಿಕದ ಎಚ್‌ಬಿಒ ವಾಹಿನಿ ಪ್ರಸಾರ ಮಾಡಿತು. ಅದರ ವಿಡಿಯೊ ತಟ್ಟೆಗೆ, ಅಂದರೆ ಲೇಸರ್ ಡಿಸ್ಕಿಗೆ, 1992ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, ಮಡೋನಾ ಅವರಿಗೆ ಮೊದಲ ಗ್ರ್ಯಾಮಿ. ನಮ್ಮಲ್ಲಿ ಆಗ ದೂರದರ್ಶನ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಎಂಟಿವಿ ಮನೆಗೆ ಬಂದದ್ದು ಆಮೇಲೆ. ಪತ್ರಿಕೆಯಲ್ಲಿ ಬಂದ ಫೋಟೊ ನೋಡಿಯೇ ನಾವು ಸಿಟ್ಟಾಗಬೇಕಿತ್ತು, ಇಲ್ಲಾ ಖುಷಿಪಡಬೇಕಿತ್ತು.

ತೆರೆಯ ಹಿಂದಿನದನ್ನು ಅಲೆಕ್ ಕೆಶಿಶಿಯನ್ ಚಿತ್ರಿಸಿದರು. 1991ರಲ್ಲಿ ಬಂದ ‘ಟ್ರೂತ್ ಆರ್ ಡೇರ್’ ಸಾಕ್ಷ್ಯಚಿತ್ರದಲ್ಲಿ ವೇದಿಕೆ ಬಣ್ಣದಲ್ಲಿದೆ, ಬಿಡಾರದ ಬದುಕು ಕಪ್ಪು-ಬಿಳುಪಿನಲ್ಲಿ. ಏಳು ನರ್ತಕರಲ್ಲಿ ಆರು ಮಂದಿ ಸಲಿಂಗಿಗಳು. ಅದನ್ನು ಮುಚ್ಚಿಡದೆ ಮಾಮೂಲಿ ಜನರಂತೆ ತೋರಿಸಿದ್ದು ಆ ಕಾಲಕ್ಕೆ ಅಪರೂಪ. ಏಡ್ಸ್ ಭಯ ಕವಿದಿದ್ದ ವರ್ಷಗಳವು. ಮಡೋನಾ ಅವರ ಗೆಳೆಯ, ಚಿತ್ರಕಾರ ಕೀತ್ ಹೇರಿಂಗ್ ಅದೇ ಫೆಬ್ರವರಿಯಲ್ಲಿ ಏಡ್ಸ್‌ನಿಂದ ತೀರಿಕೊಂಡಿದ್ದರು. ನ್ಯೂಜೆರ್ಸಿಯ ಒಂದು ಆಟದ ಹಣವನ್ನು ಅವರ ನೆನಪಿನಲ್ಲಿ ಏಡ್ಸ್ ಸಂಶೋಧನೆಗೆ ಕೊಟ್ಟರು. ಕಥೆ ಅಷ್ಟಕ್ಕೇ ಸಿಹಿಯಾಗಿ ಮುಗಿಯುವುದಿಲ್ಲ. ಸಾಕ್ಷ್ಯಚಿತ್ರದಲ್ಲಿ ತಮ್ಮ ಖಾಸಗಿ ಬದುಕು ತೋರಿಸಿದ್ದಕ್ಕೆ ಮೂವರು ನರ್ತಕರು ಕೋರ್ಟಿಗೆ ಹೋದರು, ಆಮೇಲೆ ರಾಜಿಯಾಯಿತು.

ಕೊನೆಯ ಹಾಡು

ಐದನೇ ಅಂಕದ ಮಾತು ಉಳಿಸಿಕೊಂಡಿದ್ದೆ. ಕೊನೆಯ ಹಾಡು ‘ಕೀಪ್ ಇಟ್ ಟುಗೆದರ್’, ಕುಟುಂಬ ಒಟ್ಟಿಗಿರಬೇಕು ಎನ್ನುವ ಹಾಡು. ಎಲ್ಲರಿಗೂ ಕಪ್ಪು ದುಂಡು ಹ್ಯಾಟು, ಕೈಗೊಂದು ಕುರ್ಚಿ. ಕುರ್ಚಿಯ ಮೇಲೆ, ಕೆಳಗೆ, ಸುತ್ತ ಗುಂಪಾಗಿ ಕುಣಿಯುತ್ತಾರೆ. ನಮ್ಮ ನಾಟಕಗಳ ಕೊನೆಗೆ ಎಲ್ಲ ಪಾತ್ರಧಾರಿಗಳೂ ರಂಗಕ್ಕೆ ಬರುವುದುಂಟು. ಇಲ್ಲಿ ಅದು ತಿರುಗುಮುರುಗು ಆಗುತ್ತದೆ. ನರ್ತಕರು ಹೊರಟುಹೋಗುತ್ತಾರೆ. ಸಹಗಾಯಕಿಯರೂ ಇಲ್ಲ. ಎಲ್ಲರೂ ಜೊತೆಗಿರಬೇಕು ಎನ್ನುವ ಅದೇ ಸಾಲನ್ನು ಮಡೋನಾ ಮತ್ತೆ ಮತ್ತೆ ಹಾಡುತ್ತಾರೆ, ಅಷ್ಟು ದೊಡ್ಡ ವೇದಿಕೆಯ ಮೇಲೆ ಒಬ್ಬರೇ.